ಬೇಡ ಅನ್ನುವಷ್ಟು ಗಂಟು

ನೀನು ಕೆಲಸ ಬಿಟ್ಟು ಮನೆಯಿಂದಲೇ ಕೋಚಿಂಗ್ ಶುರು ಮಾಡುತ್ತೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು, ಹೇಳುವಾಗ ದನಿ ಅಳುವ ಹಾಗಿತ್ತು. "ಕೋಚಿಂಗ್ ಅಂದ್ರೆ ಟ್ಯೂಷನ್ನಾ ಅಕ್ಕಾ, ಸಿಇಟಿಗಾ?" ಅಂತ ಕೇಳಿದಳು. ಅಲ್ಲ, ಕೆಲಸದಲ್ಲೋ ಬದುಕಿನಲ್ಲೋ ಒಂದು ಕಡೆ ಸಿಕ್ಕಿಕೊಂಡವರ ಎದುರು ಕೂತು, ಅವರ ದಾರಿ ಅವರೇ ಹುಡುಕಿಕೊಳ್ಳುವ ಹಾಗೆ ಮಾತಾಡಿಸೋದು ಅಂದೆ. "ಅದಕ್ಕೆ ದುಡ್ಡು ಕೊಡ್ತಾರಾ?" ಅಂದಳು. ಬ್ಯಾಂಕಿನ ತರಬೇತಿ ಕಾಲೇಜಿನಿಂದ ವಿಆರ್‌ಎಸ್ ತಗೊಂಡು ಬಂದ ಮೇಲೆ ಸರಸ್ವತಿಪುರಂನ ಈ ಮನೆಯ ಮುಂದಿನ ಕೋಣೆಯಲ್ಲಿ ನಾನು ಮಾಡಿಕೊಂಡು ಬಂದಿದ್ದು ಅದೇ ಕೆಲಸ. ಅವಳ ಲೆಕ್ಕದಲ್ಲಿ ಅದು "ಅಕ್ಕನ ಮನೆಗೆ ಯಾರ್ಯಾರೋ ಬಂದು ಹೋಗ್ತಾರೆ" ಅನ್ನುವಷ್ಟೇ.

ಮಾಡು ಅಂತಲೂ ಬೇಡ ಅಂತಲೂ ನಾನು ಹೇಳುವುದಿಲ್ಲ. ನಿನ್ನ ವೆಬ್‌ಸೈಟ್ ನೋಡಿದೆ, ಬಣ್ಣ ಚೆನ್ನಾಗಿದೆ. ನಾನು ಕೇಳಬೇಕಾಗಿರುವುದು ಅದರಲ್ಲಿ ಇಲ್ಲ. ಒಬ್ಬರೂ ಬಾರದೇ ಹೋದರೆ ನಿನ್ನ ಪಾಲಿನ ಖರ್ಚು ಎಷ್ಟು ತಿಂಗಳು ನಡೆಯುತ್ತದೆ? ಗಂಡನ ಸಂಬಳ ಪಕ್ಕಕ್ಕಿಡು. ಮನೆ ಸಾಲದ ಕಂತಿನಲ್ಲಿ ನಿನ್ನ ಭಾಗ, ಮಗುವಿನ ಶಾಲೆಯ ಫೀಸು, ಅಮ್ಮನ ಔಷಧಿಗೆ ನೀನು ಕಳಿಸುವುದು, ಚೀಟಿ, ಪೆಟ್ರೋಲು. ಒಂದು ವರ್ಷಕ್ಕೆ ಆಗುವಷ್ಟು ಗಂಟು ಬೇರೆ ಖಾತೆಯಲ್ಲಿ ಇದ್ದರೆ ರಾಜೀನಾಮೆ ಬರೆ. ಇಲ್ಲದಿದ್ದರೆ ಅಷ್ಟು ಕೂಡುವವರೆಗೆ ಕೆಲಸದಲ್ಲೇ ಇದ್ದು ಶನಿವಾರ, ಭಾನುವಾರ ಇಬ್ಬರು ಮೂವರನ್ನು ನೋಡು. ಅದಕ್ಕೂ ಮೊದಲು ನಿನ್ನ ನೇಮಕಾತಿ ಪತ್ರ ತೆಗೆದು ಓದಿಕೋ. ಹೊರಗಿನ ಸಂಪಾದನೆಗೆ ಅನುಮತಿ ಬೇಕು ಅಂತ ಅದರಲ್ಲಿ ಇದ್ದೇ ಇರುತ್ತದೆ. ಕೇಳಿ ಬರಹದಲ್ಲಿ ತಗೋ, ಇಲ್ಲವೇ ದುಡ್ಡು ಮುಟ್ಟದೆ ಅಭ್ಯಾಸ ಮಾಡು.

ಇದನ್ನು ಉಳಿತಾಯದ ಬುದ್ಧಿವಾದ ಅಂದುಕೊಳ್ಳಬೇಡ, ಬ್ಯಾಂಕಿನವಳ ಚಟ ಅಂತಲೂ ಅನ್ನಬೇಡ. ಈ ಕಸುಬಿನ ರೀತಿಯೇ ಹಾಗಿದೆ. ನಿನ್ನ ಕೆಲಸ ಚೆನ್ನಾಗಿ ಆದಷ್ಟೂ ಬಂದವರು ಬೇಗ ಎದ್ದು ಹೋಗುತ್ತಾರೆ. ಆರು ಸಲದಲ್ಲಿ ಮುಗಿಯಬೇಕಾದದ್ದು ನಾಲ್ಕಕ್ಕೇ ಮುಗಿಯಿತು ಅಂದರೆ ಸಂತೋಷಪಡಬೇಕಾದವಳು ನೀನು. ಕೈಯಲ್ಲಿ ಕಾಸಿಲ್ಲದ ಕೋಚ್‌ಗೆ ಆ ಸಂತೋಷ ಕಷ್ಟ. ಇನ್ನೆರಡು ಸಲ ಬಂದಿದ್ದರೆ ಕಂತಿಗೆ ಆಗುತ್ತಿತ್ತಲ್ಲ ಅನ್ನುವುದು ಒಳಗೊಳಗೇ ಕೊರೆಯುತ್ತದೆ. ಆಮೇಲೆ ತನಗೇ ಗೊತ್ತಿಲ್ಲದೆ ಮಾತು ತಿರುಗುತ್ತದೆ. "ನಿಮ್ಮಲ್ಲಿ ಇನ್ನೂ ಆಳದಲ್ಲಿ ಒಂದು ವಿಷಯ ಕೂತಿದೆ ಅನಿಸುತ್ತೆ" ಅನ್ನುತ್ತಾಳೆ. ಎದುರಿನವರು ಪಾಪ, ಇರಬಹುದು ಅಂತ ತಲೆಯಾಡಿಸುತ್ತಾರೆ. ಹೀಗೆ ಶುರುವಾದದ್ದು, ತನ್ನ ಕೈಲಾಗದ ಕೇಸನ್ನು ಇಟ್ಟುಕೊಳ್ಳುವುದಕ್ಕೆ, ಆಗದ ಭರವಸೆ ಕೊಡುವುದಕ್ಕೆ ಬಂದು ನಿಲ್ಲುತ್ತದೆ. ಹಾಗೆ ಆದವರನ್ನು ನಾನು ಕಂಡಿದ್ದೇನೆ. ಕೆಟ್ಟವರಲ್ಲ, ತಿಂಗಳ ಕೊನೆ ಹತ್ತಿರ ಬಂದಿತ್ತು ಅಷ್ಟೇ.

ಆದ್ದರಿಂದ ಆ ಗಂಟು ನಿನ್ನ ಹೊಟ್ಟೆಪಾಡಿಗೆ ಮಾತ್ರ ಅಲ್ಲ, ಬಂದವರಿಗೆ "ಬೇಡ, ನೀವು ನನ್ನ ಹತ್ತಿರ ಬರಬೇಕಾದವರಲ್ಲ" ಅನ್ನುವ ಧೈರ್ಯಕ್ಕೆ.

ಅದೇ ಲೆಕ್ಕದಲ್ಲಿ ಇನ್ನೆರಡು. ಕಂಪನಿಯ ಆರೋಗ್ಯ ವಿಮೆ ನೀನು ಹೊರಗೆ ಕಾಲಿಟ್ಟ ದಿನವೇ ಹೋಗುತ್ತದೆ, ಅದರ ಜೊತೆ ಅಮ್ಮನ ರಕ್ಷಣೆಯೂ. ಅವಳಿಗೆ ಸಕ್ಕರೆ ಕಾಯಿಲೆ ಇದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ 3 ವರ್ಷದವರೆಗೂ ಇರಬಹುದು, ಹಾಗಾಗಿ ಪಾಲಿಸಿ ಈಗಲೇ ಮಾಡಿಸು. ಆಮೇಲೆ, ಗ್ರಾಚ್ಯುಟಿಗೆ 5 ವರ್ಷ ತುಂಬಲು ನಿನಗೆ ಇನ್ನು ಕೆಲವೇ ತಿಂಗಳು ಇರಬೇಕು. ಉತ್ಸಾಹದಲ್ಲಿ ಅದನ್ನು ಬಿಟ್ಟು ಬರಬೇಡ.

ಈಗ, ಬೇಡ ಅನ್ನಬೇಕಾದ ಮೊದಲನೆಯವರ ವಿಷಯ. ಇದೊಂದನ್ನು ಸಾವಧಾನವಾಗಿ ಓದು.

ನಿನ್ನ ಹತ್ತಿರ ಬರುವವರು ಹಣೆಯ ಮೇಲೆ ಬರೆದುಕೊಂಡು ಬರುವುದಿಲ್ಲ. "ಕರಿಯರ್ ವಿಷಯ ಮಾತಾಡಬೇಕಿತ್ತು" ಅಂತಲೇ ಬರುತ್ತಾರೆ. ಒಬ್ಬ ಹುಡುಗ ಬಂದಿದ್ದ, ಸಾಫ್ಟ್‌ವೇರಿನವನು. ಪ್ರಮೋಷನ್ ಸಿಗುತ್ತಿಲ್ಲ, ಮೀಟಿಂಗಿನಲ್ಲಿ ಮಾತೇ ಹೊರಡುವುದಿಲ್ಲ, ಆತ್ಮವಿಶ್ವಾಸ ಬೇಕು ಅಂದ. ಕಾಫಿ ಕೊಟ್ಟೆ, ಲೋಟ ಹಿಡಿದುಕೊಂಡೇ ಕೂತ, ಕುಡಿಯಲಿಲ್ಲ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀಯಪ್ಪ ಅಂದೆ. ಮಲಗಿದರೆ ತಾನೇ ಮೇಡಂ ಏಳೋದು ಅಂತ ನಕ್ಕ. ಊಟ? ಸೇರಲ್ಲ. ಬಟ್ಟೆ ಸಡಿಲವಾಗಿತ್ತು. ಮೊದಲು ಬ್ಯಾಡ್ಮಿಂಟನ್ ಆಡ್ತಿದ್ದೆ, ಈಗ ಯಾವುದರ ಮೇಲೂ ಮನಸ್ಸಿಲ್ಲ ಅಂದ. ಎಷ್ಟು ದಿನದಿಂದ ಅಂದರೆ ದೀಪಾವಳಿಗೆ ಮುಂಚಿನಿಂದ. ನಾವು ಕೂತಿದ್ದು ಶಿವರಾತ್ರಿ ಹತ್ತಿರ. ಇನ್ನು ಗುರಿ, ಯೋಜನೆ, ಆತ್ಮವಿಶ್ವಾಸ ಅಂತ ಮಾತು ಬೆಳೆಸಿದರೆ ಅದು ಆ ಹುಡುಗನಿಗೆ ಮಾಡುವ ಅನ್ಯಾಯ. ನೇರವಾಗಿ ಕೇಳಿದೆ, "ಬದುಕಿರೋದೇ ಬೇಡ ಅಂತ ಅನ್ಸುತ್ತಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅಂತ ನಮ್ಮಲ್ಲಿ ಹೆದರುತ್ತಾರೆ. ಕೇಳುವುದರಿಂದ ಹಾಗಾಗುವುದಿಲ್ಲ. ಯಾರಾದರೂ ಕೇಳಲಿ ಅಂತಲೇ ಎಷ್ಟೋ ಜನ ಕಾಯುತ್ತಿರುತ್ತಾರೆ. ಅವನು ಲೋಟ ಕೆಳಗಿಟ್ಟ. ಒಂದೊಂದ್ಸಲ, ಅಂದ.

ಅವತ್ತು ಅವನ ಎದುರಿಗೇ ಅವನ ಅಣ್ಣನಿಗೆ ಫೋನ್ ಮಾಡಿಸಿದೆ. ಅಣ್ಣ ಬರುವವರೆಗೂ ಅವನನ್ನು ಒಂಟಿಯಾಗಿ ಬಿಡಲಿಲ್ಲ. ಮರುದಿನ ಮನೋವೈದ್ಯರ ಹತ್ತಿರ ಹೋದರು. ಫೀಸು ತೆಗೆದುಕೊಳ್ಳಲಿಲ್ಲ, ಯಾಕೆಂದರೆ ನಾನು ಕೋಚಿಂಗ್ ಮಾಡಿರಲಿಲ್ಲ.

ನಿನ್ನ ಮೇಜಿನ ಗಾಜಿನ ಕೆಳಗೆ 14416 ಅಂತ ಬರೆದಿಡು. ಅದು ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ, ಉತ್ತರ ಕರ್ನಾಟಕದವರು ಬಂದರೆ ಧಾರವಾಡದ ಡಿಮ್ಹಾನ್ಸ್. ಹತ್ತಿರದ ಒಬ್ಬ ಮನೋವೈದ್ಯರು, ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್, ಒಬ್ಬ ಕೌಟುಂಬಿಕ ವಕೀಲರು, ಮೂವರನ್ನೂ ನೀನೇ ಹೋಗಿ ಕಂಡು ಪರಿಚಯ ಮಾಡಿಕೊಂಡಿರು. ಸೈಕಾಲಜಿಸ್ಟ್ ಅಂತ ಬೋರ್ಡ್ ಇದ್ದರೆ ಸಾಲದು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಅಂತ ಕೇಳು. ವಕೀಲರು ಯಾಕೆ ಅಂತೀಯಾ? "ಗಂಡನ ಜೊತೆ ಸಂವಹನ ಸುಧಾರಿಸಿಕೊಳ್ಳಬೇಕು" ಅಂತ ಬಂದವಳು ತೋಳಿನ ಮೇಲಿನ ಬಾಸುಂಡೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿರುತ್ತಾಳೆ. ಅಲ್ಲಿ ಸುಧಾರಿಸಬೇಕಾಗಿರುವುದು ಅವಳ ಮಾತಿನ ಧಾಟಿ ಅಲ್ಲ.

ಕೇವಲ ಬೇಸರದಲ್ಲಿರುವವರನ್ನೂ ಕಾಯಿಲೆಯವರು ಅಂದುಕೊಂಡು ಆಸ್ಪತ್ರೆಗೆ ಓಡಿಸಬೇಡ, ಮತ್ತೆ. ಎರಡು ವಾರಕ್ಕೂ ಮೇಲ್ಪಟ್ಟು ನಿದ್ದೆ, ಹಸಿವು, ಆಸಕ್ತಿ ಒಟ್ಟಿಗೇ ಕೈಕೊಟ್ಟಿದ್ದರೆ ನಿನ್ನ ಕಿವಿ ನಿಮಿರಬೇಕು ಅಂತ ಮಾತ್ರ ಹೇಳಿದ್ದು.

ಸರ್ಟಿಫಿಕೇಟ್ ವಿಷಯ. ನಮ್ಮ ದೇಶದಲ್ಲಿ ಲೈಫ್ ಕೋಚ್ ಅಂತ ಬೋರ್ಡ್ ಹಾಕಿಕೊಳ್ಳಲು ಯಾವ ಪರವಾನಗಿಯೂ ಬೇಕಿಲ್ಲ. ಇವತ್ತು ಹಾಕಿಕೊಂಡು ನಾಳೆ ಫೀಸು ತೆಗೆದುಕೊಳ್ಳಬಹುದು, ಪೊಲೀಸರು ಹಿಡಿಯುವುದಿಲ್ಲ. ಆದ್ದರಿಂದಲೇ ಕಲಿತು ಬಾ ಅಂತ ಹೇಳುತ್ತಿದ್ದೇನೆ. ಅಮೆರಿಕದ ಥಾಮಸ್ ಲಿಯೊನಾರ್ಡ್ 1995ರಲ್ಲಿ ಕಟ್ಟಿದ ಒಕ್ಕೂಟ ಇವತ್ತು ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಅಂತ ಹೆಸರಾಗಿದೆ, ಐಸಿಎಫ್ ಅನ್ನುತ್ತಾರೆ, ಬೆಂಗಳೂರಿನಲ್ಲೂ ಅದರ ಶಾಖೆ ಇದೆ. ಅವರ ಮೊದಲ ಮೆಟ್ಟಿಲು ಎಸಿಸಿ. ಅದಕ್ಕೆ 60 ಗಂಟೆಯ ಪಾಠ, 100 ಗಂಟೆ ಜನರೊಂದಿಗೆ ಕೂತ ಅನುಭವ, ಅದರಲ್ಲಿ 75 ಗಂಟೆ ಫೀಸು ಪಡೆದು ಮಾಡಿದ್ದು ಆಗಿರಬೇಕು, ಜೊತೆಗೆ 10 ಗಂಟೆ ಹಿರಿಯ ಕೋಚ್ ಒಬ್ಬರು ನಿನ್ನ ಕೆಲಸ ಕೇಳಿ ತಿದ್ದಿರಬೇಕು, ಕೊನೆಗೆ ಪರೀಕ್ಷೆ. ಮುಂದಿನ ಮೆಟ್ಟಿಲಿಗೆ ಅನುಭವವೇ 500 ಗಂಟೆ, ತುತ್ತತುದಿಯದಕ್ಕೆ 2500. ಇದರಲ್ಲಿ ನನಗೆ ಬೆಲೆಯುಳ್ಳದ್ದು ಕಾಣುವುದು ಆ 10 ಗಂಟೆ. ನಿನ್ನ ಸೆಷನ್ನಿನ ಧ್ವನಿಮುದ್ರಣವನ್ನು ಒಬ್ಬರು ಪಕ್ಕದಲ್ಲಿ ಕೂತು ಕೇಳಿ, "ಇಲ್ಲಿ ಅವರು ಉಸಿರೆಳೆದುಕೊಂಡರು, ನೀನು ಯಾಕೆ ಮಧ್ಯೆ ಬಾಯಿ ಹಾಕಿದೆ?" ಅಂತ ಕೇಳುತ್ತಾರೆ. ಮುಖ ಕೆಂಪಾಗುತ್ತದೆ, ಆದರೆ ಕಲಿಕೆ ಇರುವುದು ಅಲ್ಲೇ. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವ ಕಾಗದಕ್ಕೆ ಕಂಪನಿಗಳು ಬೆಲೆ ಕೊಡುತ್ತವೆ, ಮನೆಗೆ ಬರುವ ಮಂದಿ ಅದನ್ನು ತಿರುಗಿಯೂ ನೋಡುವುದಿಲ್ಲ.

ಇನ್ನೊಂದು ಜಾತಿಯ ಪಾಠಶಾಲೆ ಇದೆ, ಅದರ ವಿಷಯ ಮಾತ್ರ ನನಗೆ ಸಿಟ್ಟು ತಡೆಯುವುದಿಲ್ಲ. ಫೋನಿನಲ್ಲಿ 99 ರೂಪಾಯಿಯ ವೆಬಿನಾರ್ ಜಾಹೀರಾತು ಬರುತ್ತದೆ. ಎರಡು ಗಂಟೆ ಕೂತು ಕೇಳಿದರೆ ಕೊನೆಗೆ ಗೊತ್ತಾಗುತ್ತದೆ, ಅಸಲಿ ವಿದ್ಯೆ ಮುಂದಿನ ಕೋರ್ಸಿನಲ್ಲಿದೆ, ಅದಕ್ಕೆ ಎಂಬತ್ತು ಸಾವಿರ, ಇವತ್ತು ರಾತ್ರಿಯೊಳಗೆ ಕಟ್ಟಿದರೆ ಅರ್ಧ, ಇಎಂಐ ಕೂಡ ಇದೆ. ಅಲ್ಲಿ ಕಲಿಸುವುದು ಏನು? ನೀನೂ ಹೀಗೇ 99 ರೂಪಾಯಿಯ ವೆಬಿನಾರ್ ಮಾಡುವುದು ಹೇಗೆ ಅಂತ. ಕೋಚ್‌ಗಳನ್ನು ತಯಾರಿಸುವ ಕೋಚ್‌ಗಳು, ಅವರು ತಯಾರಿಸಿದವರು ಮತ್ತೆ ಕೋಚ್‌ಗಳನ್ನೇ ತಯಾರಿಸುತ್ತಾರೆ. ಕಷ್ಟದಲ್ಲಿರುವ ಮನುಷ್ಯ ಒಬ್ಬನೂ ಈ ಸಾಲಿನಲ್ಲಿ ಎಲ್ಲೂ ಸಿಗುವುದಿಲ್ಲ. ಇಎಂಐ ಮೇಲೆ ಈ ವಿದ್ಯೆ ಕೊಂಡೆಯೋ, ನಾನು ಮೇಲೆ ಹೇಳಿದ ತಿಂಗಳ ಕೊನೆಯ ಒತ್ತಡ ಮೊದಲ ದಿನದಿಂದಲೇ ನಿನ್ನ ಕುತ್ತಿಗೆಗೆ ಬಿತ್ತು ಅಂತ ತಿಳಿ. ನಿನ್ನ ವೆಬ್‌ಸೈಟಿನಲ್ಲಿ "90 ದಿನದಲ್ಲಿ ಹೊಸ ಬದುಕು" ಅಂತ ಒಂದು ಸಾಲು ನೋಡಿದೆ. ತೆಗೆದುಹಾಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಬಹುದು. ಕಾಯ್ದೆ ಹಾಗಿರಲಿ, 91ನೇ ದಿನ ಆ ಮನುಷ್ಯ ಬಂದು ಬಾಗಿಲು ತಟ್ಟಿದರೆ ಏನು ಹೇಳುತ್ತೀ? ದುಡ್ಡಿನ ಕೋಚಿಂಗ್ ಅಂತ ಹೇಳಿಕೊಂಡು ಯಾವ ಷೇರು ಕೊಳ್ಳಬೇಕು ಅಂತ ಬಾಯಿ ಬಿಟ್ಟರೆ ಸೆಬಿಯ ನೋಂದಣಿ ಬೇಕು, ಆ ಕಡೆ ತಲೆಯೇ ಹಾಕಬೇಡ.

ಓದಬೇಕು ಅಂದರೆ ಎರಡು ಪುಸ್ತಕ ಸಾಕು. ಒಂದು ಟೆನಿಸ್ ಕಲಿಸುತ್ತಿದ್ದ ಟಿಮೊಥಿ ಗಾಲ್ವೇ 1974ರಲ್ಲಿ ಬರೆದ 'ದಿ ಇನ್ನರ್ ಗೇಮ್ ಆಫ್ ಟೆನಿಸ್'. ಅವನು ಕಂಡುಕೊಂಡದ್ದು ಏನು ಗೊತ್ತಾ? ಮೊಣಕೈ ಹೀಗಿಡು, ಭುಜ ಹಾಗೆ ತಿರುಗಿಸು ಅಂತ ಹೇಳಿದಷ್ಟೂ ಆಟ ಕೆಡುತ್ತಿತ್ತು. ಆಗ, ಚೆಂಡು ನೆಲಕ್ಕೆ ಬಡಿದಾಗ ಒಂದು ಮಾತು, ರ‍್ಯಾಕೆಟ್‌ಗೆ ತಾಗಿದಾಗ ಒಂದು ಮಾತು ಬಾಯಿಬಿಟ್ಟು ಹೇಳಿ, ಅಷ್ಟೇ ಸಾಕು ಅಂದ. ಕಣ್ಣು ಚೆಂಡಿನ ಮೇಲೆ ನಿಂತಿತು, ಒಳಗೆ ಕೂತು ಬೈಯುವ ದನಿ ಸುಮ್ಮನಾಯಿತು, ಹೊಡೆತ ತಾನಾಗಿ ಸರಿಯಾಯಿತು. ಇನ್ನೊಂದು, ಕಾರ್ ರೇಸ್ ಓಡಿಸುತ್ತಿದ್ದ ಜಾನ್ ವಿಟ್‌ಮೋರ್ 1992ರಲ್ಲಿ ಬರೆದ 'ಕೋಚಿಂಗ್ ಫಾರ್ ಪರ್ಫಾರ್ಮೆನ್ಸ್'. ಎಲ್ಲಿಗೆ ಹೋಗಬೇಕು, ಈಗ ಎಲ್ಲಿದ್ದೀಯ, ಏನೇನು ದಾರಿ ಇದೆ, ಏನು ಮಾಡುತ್ತೀಯ ಅನ್ನುವ ನಾಲ್ಕು ಹಂತ ಅದರಿಂದಲೇ ಹೆಸರಾದದ್ದು. ಎಲ್ಲರೂ ಅದನ್ನು ಬಾಯಿಪಾಠ ಮಾಡಿ ಮೊದಲ ಹಂತದಿಂದ ನಾಲ್ಕನೆಯದಕ್ಕೆ ಜಿಗಿಯುತ್ತಾರೆ. ಎರಡನೆಯದರಲ್ಲಿ ಕೂತಿರುವುದು, ಈಗ ಎಲ್ಲಿದ್ದಾರೆ ಅನ್ನುವುದನ್ನು ಅವರ ಬಾಯಿಂದಲೇ ಸರಿಯಾಗಿ ಕೇಳಿಸಿಕೊಳ್ಳುವುದು ಎಲ್ಲಕ್ಕಿಂತ ಕಷ್ಟ.

ಅದರಲ್ಲೂ ನಮ್ಮವರ ಎದುರು. ನಮ್ಮ ಜನಕ್ಕೆ ಹಿರಿಯರ ಬಳಿ ಹೋದರೆ ಒಂದು ಮಾತು ಹೇಳಿ ಕಳಿಸಬೇಕು. ಬಂದು ಕೂತ ಹತ್ತೇ ನಿಮಿಷಕ್ಕೆ "ನೀವೇ ಹೇಳಿ ಮೇಡಂ, ಏನ್ ಮಾಡ್ಲಿ? ನೀವು ಹೇಳಿದ ಹಾಗೆ ಮಾಡ್ತೀನಿ" ಅನ್ನುತ್ತಾರೆ. ಹೇಳಿಬಿಡಬೇಕು ಅನ್ನುವ ಆಸೆ ನಾಲಿಗೆ ತುದಿಗೆ ಬರುತ್ತದೆ, ನಿನಗೆ ಉತ್ತರ ಹೊಳೆದೂ ಇರುತ್ತದೆ. ಒಬ್ಬರು ಬಂದಿದ್ದರು, ಐವತ್ತರ ಹತ್ತಿರದವರು, ಊರಿನಲ್ಲಿ ಅಡಕೆ ತೋಟ, ಇಲ್ಲಿ ಕೆಲಸ. ತೋಟ ಮಾರಬೇಕೋ, ಕೆಲಸ ಬಿಟ್ಟು ಹೋಗಬೇಕೋ ಅಂತ ಪ್ರಶ್ನೆ. ನೀವೇ ಹೇಳಿ ಅಂದರು. ನಾನು ಹೇಳ್ತೀನಿ ಅಂತಿಟ್ಟುಕೊಳ್ಳಿ, ಮಾರಿ ಅಂದೆ ಅಂತ, ಹಾಗಂದ ತಕ್ಷಣ ನಿಮಗೆ ಏನನ್ನಿಸ್ತು ಅಂದೆ. ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಹೊರಗೆ ತರಕಾರಿ ಗಾಡಿಯವನು ಸೊಪ್ಪು ಸೊಪ್ಪು ಅಂತ ಕೂಗಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಹೋದ. ಆಮೇಲೆ ಅವರು, "ಅಪ್ಪ ಬೈತಾರೆ ಅನ್ನಿಸ್ತು" ಅಂದರು. ಅವರ ತಂದೆ ತೀರಿಕೊಂಡು ಬಹಳ ವರ್ಷ ಆಗಿತ್ತು. ತೋಟದ ಲೆಕ್ಕ ಹಾಕಿಕೊಂಡು ಬಂದ ಮನುಷ್ಯನ ಅಸಲು ಮಾತು ಶುರುವಾದದ್ದು ಅಲ್ಲಿಂದ. ಕೊನೆಗೆ ತೋಟವನ್ನೂ ಮಾರಲಿಲ್ಲ, ಕೆಲಸವನ್ನೂ ಬಿಡಲಿಲ್ಲ, ತಮ್ಮನ ಜೊತೆ ಕೂತು ಗುತ್ತಿಗೆ ಮಾತಾಡಿಕೊಂಡರು. ನನಗೆ ಆ ದಾರಿ ಹೊಳೆದಿರಲೇ ಇಲ್ಲ.

(ಇಷ್ಟು ಹೇಳಿ ನಾನು ನಿನಗೆ ಪುಟಗಟ್ಟಲೆ ಬುದ್ಧಿ ಹೇಳುತ್ತಿದ್ದೇನಲ್ಲ ಅಂತ ನಗಬೇಡ. ನೀನು ಫೀಸು ಕೊಟ್ಟಿಲ್ಲ, ನಾನು ದೊಡ್ಡಮ್ಮ.)

ಕನ್ನಡದಲ್ಲಿ ಕೇಳುವುದನ್ನೂ ಅಭ್ಯಾಸ ಮಾಡಿಕೋ. ನಿನ್ನ ಕಂಪನಿಯ ತರಬೇತಿಯೆಲ್ಲ ಇಂಗ್ಲಿಷಿನಲ್ಲಿ. ಮಂಡ್ಯದಿಂದ, ಚಿತ್ರದುರ್ಗದಿಂದ ಬಂದು ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವವರು ಇಂಗ್ಲಿಷಿನಲ್ಲಿ ಸೊಗಸಾಗಿ ಮಾತಾಡುತ್ತಾರೆ, ಮನಸ್ಸಿನ ಮಾತಿಗೆ ಬಂದಾಗ ತಡವರಿಸುತ್ತಾರೆ. "ಮನೇಲಿ ಹೇಗೆ ಮಾತಾಡ್ತೀರೋ ಹಾಗೇ ಹೇಳಿ" ಅಂದು ನೋಡು, ಭುಜ ಇಳಿಯುವುದು ಕಾಣುತ್ತದೆ. ಹೊರದೇಶದ ಕನ್ನಡಿಗರಿಗೂ ಇದು ಬೇಕು. ನ್ಯೂಜೆರ್ಸಿಯವರೊಬ್ಬರನ್ನು ಒಪ್ಪಿಕೊಂಡರೆ ಕ್ಯಾಲೆಂಡರ್ ನೋಡಿಕೊಂಡಿರು. ನಮ್ಮ ಶನಿವಾರ ಬೆಳಿಗ್ಗೆ 7 ಗಂಟೆ ಅವರಿಗೆ ಬೇಸಿಗೆಯಲ್ಲಿ ಶುಕ್ರವಾರ ರಾತ್ರಿ 9.30, ಚಳಿಗಾಲದಲ್ಲಿ 8.30. ಮಾರ್ಚಿನಲ್ಲಿ ಮತ್ತು ನವೆಂಬರಿನಲ್ಲಿ ಅವರು ಗಡಿಯಾರ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ಆ ವಾರ ಯಾರಾದರೊಬ್ಬರು ಖಾಲಿ ಪರದೆ ನೋಡುತ್ತಾ ಕೂರುವುದು ಖಂಡಿತ.

ಮನೆ. ಇದು ನಿನಗೆ ಸುಲಭ ಅನ್ನಿಸಿರಬಹುದು, ಟ್ರಾಫಿಕ್ ಇಲ್ಲ, ಮಗು ಕಣ್ಣೆದುರಿಗೆ. ಆದರೆ ವಿಜಯನಗರದ ಎರಡು ಕೋಣೆಯ ಮನೆ, ಅತ್ತೆ ಮಾವ ಜೊತೆಗೆ. ನಿಮ್ಮತ್ತೆಯವರು ಒಳ್ಳೆಯವರು, ಅದು ಬೇರೆ ಮಾತು. ಮನೆಯಲ್ಲಿರುವ ಸೊಸೆ ಕೆಲಸದಲ್ಲಿದ್ದಾಳೆ ಅಂತ ಯಾವ ಅತ್ತೆಗೂ ಕಣ್ಣಿಗೆ ಕಾಣುವುದಿಲ್ಲ. "ಮನೇಲೇ ಇದ್ದೀಯಲ್ಲ, ಸಿಲಿಂಡರ್‌ನವನು ಬಂದ್ರೆ ತಗೊಂಡ್ಬಿಡು" ಅನ್ನುತ್ತಾರೆ. ಆ ಕ್ಷಣಕ್ಕೆ ಕೋಣೆಯೊಳಗೆ ಒಬ್ಬರು ಮದುವೆ ಮುರಿದದ್ದನ್ನು ಹೇಳುತ್ತಿರುತ್ತಾರೆ. ಅತ್ತೆಯವರ ಮೇಲೆ ರೇಗಬೇಡ. ಮೊದಲೇ ಕೂರಿಸಿಕೊಂಡು ಹೇಳು: "ಅತ್ತೆ, ಬರೋರು ಹೊರಗೆ ಯಾರಿಗೂ ಹೇಳದ್ದನ್ನ ನನ್ನ ಹತ್ರ ಹೇಳ್ತಾರೆ. ಹನ್ನೊಂದರಿಂದ ಒಂದರ ತನಕ ಬಾಗಿಲು ಹಾಕಿರ್ತೀನಿ, ಬೆಂಕಿ ಬಿದ್ರೆ ಮಾತ್ರ ತಟ್ಟಿ." ಗುಟ್ಟು ಕಾಯುವ ಕೆಲಸದಲ್ಲಿ ಅವರಿಗೂ ಒಂದು ಪಾಲು ಕೊಟ್ಟರೆ ಅವರೇ ಬಾಗಿಲ ಕಾವಲು ನಿಲ್ಲುತ್ತಾರೆ. ಹೊತ್ತನ್ನು ಮನೆಯ ಲಯ ನೋಡಿ ಗೊತ್ತುಮಾಡು. ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬರುವ ಹೊತ್ತು ಬೇಡ, ಕುಕ್ಕರ್ ಕೂಗುವ ಹೊತ್ತೂ ಬೇಡ.

ಕೋಣೆಯ ಮಾತು ಹೊರಗೆ ಕೇಳುತ್ತದೆಯೇ ಅಂತ ಪರೀಕ್ಷೆ ಮಾಡಿ ನೋಡು. ಒಳಗೆ ರೇಡಿಯೊ ಹಾಕಿ, ಬಾಗಿಲು ಮುಚ್ಚಿ, ಹಾಲಿನ ಸೋಫಾದಲ್ಲಿ ಕೂತು ಕೇಳು. ಕೇಳಿಸಿದರೆ ದಪ್ಪ ಪರದೆ, ಬಾಗಿಲ ಕೆಳಗಿನ ಸಂದಿಗೆ ಒಂದು ಕಾಲೊರಸು, ಅಷ್ಟಕ್ಕೇ ಬಹಳ ಕಡಿಮೆಯಾಗುತ್ತದೆ. ಆನ್‌ಲೈನ್ ಆದರೆ ನಿನ್ನ ಕಿವಿಗೆ ಇಯರ್‌ಫೋನ್ ಕಡ್ಡಾಯ. ಅವರ ಮಾತು ನಿನ್ನ ಗೋಡೆಗೂ ಬೀಳಬಾರದು. ಟಿಪ್ಪಣಿ ಪುಸ್ತಕದಲ್ಲಿ ಹೆಸರು ಬರೆಯಬೇಡ, ಬೀರುವಿನಲ್ಲಿಟ್ಟು ಬೀಗ ಹಾಕು. ಕಂಪ್ಯೂಟರಿನಲ್ಲಿ ಇಡುವುದಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿನಗೂ ತಾಗುತ್ತದೆ. ಧ್ವನಿಮುದ್ರಣ ಅವರು ಒಪ್ಪಿದರೆ ಮಾತ್ರ, ಕಲಿಕೆ ಮುಗಿದ ಮೇಲೆ ಅಳಿಸು. ಗುರುತಿಲ್ಲದವರನ್ನು ಮೊದಲ ಸಲವೇ ಮನೆಗೆ ಕರೆಯಬೇಡ. ಮೊದಲು ವಿಡಿಯೊ, ಆಮೇಲೆ ವಿಳಾಸ, ಅದೂ ಮನೆಯಲ್ಲಿ ಇನ್ನೊಬ್ಬರು ಇರುವ ಹೊತ್ತಿಗೆ.

ಫೀಸು ಹೇಳುವಾಗ ನಾಚಿಕೊಳ್ಳುತ್ತೀ, ಗೊತ್ತು. ನಮ್ಮ ಮನೆತನದ ಹೆಣ್ಣುಮಕ್ಕಳಿಗೆಲ್ಲ ಆ ರೋಗ ಇದೆ. ಸಂಖ್ಯೆ ಹೇಳಿ ಬಾಯಿ ಮುಚ್ಚು. "ಜಾಸ್ತಿ ಅನ್ಸಿದ್ರೆ ನೋಡೋಣ ಬಿಡಿ" ಅಂತ ಬಾಲ ಸೇರಿಸಬೇಡ. ಆರು ಸಲಕ್ಕೆ ಇಷ್ಟು, ಅರ್ಧ ಮುಂಗಡ, ಹಿಂದಿನ ದಿನ ಹೇಳದೆ ತಪ್ಪಿಸಿದರೆ ಆ ಸಲದ್ದು ಲೆಕ್ಕಕ್ಕೆ ಬರುತ್ತದೆ, ನಡುವೆ ಬೇಡ ಅನ್ನಿಸಿದರೆ ಉಳಿದದ್ದು ವಾಪಸ್. ಇಷ್ಟನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಆ ಪುಟದಲ್ಲೇ, ಇದು ಚಿಕಿತ್ಸೆ ಅಲ್ಲ, ಜೀವಕ್ಕೆ ಅಪಾಯ ಅನ್ನಿಸಿದರೆ ಮನೆಯವರಿಗೆ ತಿಳಿಸುತ್ತೇನೆ ಅನ್ನುವ ಎರಡು ಸಾಲು ಇರಲಿ. ಬಡವರಿಗೆ, ವಿದ್ಯಾರ್ಥಿಗಳಿಗೆ ಕಡಿಮೆ ಮಾಡಬೇಕು ಅನ್ನಿಸಿದರೆ ತಿಂಗಳಿಗೆ ಒಬ್ಬರು ಅಂತ ಗೊತ್ತುಮಾಡಿಕೋ. ನೆಂಟರಿಗೆ ಮಾತ್ರ ಕಡಿಮೆಯೂ ಬೇಡ, ಪುಕ್ಕಟೆಯೂ ಬೇಡ. ನೆಂಟರಿಗೆ ಕೋಚಿಂಗೇ ಬೇಡ. ನಿನ್ನ ನಾದಿನಿಯ ಮನಸ್ಸಿನ ಮಾತು ಕೇಳಿಸಿಕೊಂಡು ಮುಂದಿನ ವಾರ ನಾಮಕರಣದಲ್ಲಿ ಅವಳ ಅತ್ತೆಗೆ ನೀನು ಹೋಳಿಗೆ ಬಡಿಸುವುದು, ಆ ಕಷ್ಟ ಯಾರಿಗೂ ಬೇಡ.

ಕಾಗದಪತ್ರದ್ದು ಬೇಗ ಹೇಳಿ ಮುಗಿಸುತ್ತೇನೆ. ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸೇವೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ದಾಟಿದರೆ ಶೇಕಡ 18. ಅಲ್ಲಿಯವರೆಗೆ ಯಾರಿಂದಲೂ ಜಿಎಸ್‌ಟಿ ಅಂತ ವಸೂಲಿ ಮಾಡುವಂತಿಲ್ಲ. ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಪುಕ್ಕಟೆ ಆಗುತ್ತದೆ, ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ. ಕಂಪನಿಗಳಿಗೆ ಮಾಡಿದ ಕೆಲಸಕ್ಕೆ ಸಾಮಾನ್ಯವಾಗಿ ಶೇಕಡ 10 ಟಿಡಿಎಸ್ ಹಿಡಿದು ಕೊಡುತ್ತಾರೆ, 26ಎಎಸ್‌ನಲ್ಲಿ ಬಂದಿದೆಯೇ ನೋಡಿಕೋ. ಫೀಸಿಗೆ ಬೇರೆ ಖಾತೆ, ಮನೆ ಖರ್ಚಿನ ಯುಪಿಐಗೆ ಅದನ್ನು ಬೆರೆಸಬೇಡ. ಉಳಿದದ್ದಕ್ಕೆ ಆಡಿಟರ್ ಇದ್ದಾರೆ.

ಮೊದಲ ಜನ ಎಲ್ಲಿಂದ ಬರುತ್ತಾರೆ ಅಂತ ನಿನಗೆ ಚಿಂತೆ. ರೀಲ್ಸ್ ಮಾಡು, ಬೇಡ ಅನ್ನುವುದಿಲ್ಲ, ನನಗೆ ಅದರ ಮರ್ಮ ತಿಳಿಯದು. ನನ್ನ ಬಳಿ ಬಂದವರೆಲ್ಲ ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದವರು. ನೀನು ಎಲ್ಲರಿಗೂ ಎಲ್ಲದಕ್ಕೂ ಕೋಚ್ ಅಂತ ಹಾಕಿಕೊಂಡಿದ್ದೀಯ. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳುವ ಹೆಣ್ಣುಮಕ್ಕಳ ಪಾಡು ನಿನಗೆ ಒಳಗಿನಿಂದ ಗೊತ್ತು, ಎಚ್‌ಆರ್‌ನಲ್ಲಿದ್ದು ಆಚೆಯ ಕಡೆಯಿಂದಲೂ ನೋಡಿದ್ದೀ. ಅಲ್ಲಿಂದ ಶುರು ಮಾಡು. "ಅಂಥವರಿದ್ದರೆ ಅವಳ ಹತ್ರ ಕಳಿಸಿ" ಅಂತ ಹೇಳುವುದಕ್ಕೆ ಜನಕ್ಕೆ ಒಂದು ಗುರುತು ಬೇಕು.

ಒಂದು ವಿಷಯಕ್ಕೆ ನೀನು ತಯಾರಾಗಿಲ್ಲ ಅನ್ನಿಸುತ್ತದೆ. ಆಫೀಸಿನಲ್ಲಿ ಒಂದು ಕೆಟ್ಟ ಮೀಟಿಂಗ್ ಆದರೆ ಎದ್ದು ಹೋಗಿ ಕ್ಯಾಂಟೀನಿನಲ್ಲಿ ಯಾರ ಹತ್ತಿರವಾದರೂ ಹೇಳಿ ಹಗುರಾಗುತ್ತೀ. ಇಲ್ಲಿ ಬಾಗಿಲು ತೆಗೆದರೆ ಹಾಲು, ಟಿವಿ, ಮಗುವಿನ ಹೋಂವರ್ಕು. ಕೇಳಿಸಿಕೊಂಡದ್ದನ್ನು ಗಂಡನಿಗೂ ಹೇಳುವಂತಿಲ್ಲ. ದಿನಕ್ಕೆ ಮೂವರಿಗಿಂತ ಹೆಚ್ಚು ನೋಡಬೇಡ, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಅರ್ಧ ಗಂಟೆ ಇರಲಿ, ಟೆರೇಸಿಗೆ ಹೋಗಿ ನಾಲ್ಕು ಹೆಜ್ಜೆ ನಡೆದು ಬಾ. ಇದೇ ಕೆಲಸ ಮಾಡುವ ಇಬ್ಬರು ಮೂವರನ್ನು ಹುಡುಕಿಕೊಂಡು ತಿಂಗಳಿಗೊಮ್ಮೆ ಕೂರಿ. ಹೆಸರು, ಊರು, ಕಂಪನಿ ಯಾವುದೂ ಬಾಯಿಗೆ ಬರಬಾರದು. ನಾನು ಏನು ಕೇಳಿದೆ, ಎಲ್ಲಿ ತಡವರಿಸಿದೆ ಅನ್ನುವುದಷ್ಟೇ ಮಾತು.

ಅಂಥವರು ಸಿಗುವವರೆಗೆ ನನಗೆ ಫೋನ್ ಮಾಡು, ಅದೇ ಕರಾರಿನ ಮೇಲೆ. ರಾತ್ರಿ ಎಂಟರ ಮೇಲೆ ಮಾಡು. ಆರೂವರೆಯಿಂದ ಏಳೂವರೆಯವರೆಗೆ ನನಗೂ ಒಬ್ಬರು ಬರುತ್ತಾರೆ.